ಹೋಗುವವರಲ್ಲ, ಕಳಿಸುವವರು

ಅತಿಥಿ ಉಪನ್ಯಾಸಕರಾಗಿ ದುಡಿದು ಬೇಸತ್ತವರು, ಜರ್ಮನ್ ಅಥವಾ ಫ್ರೆಂಚ್ ಕಲಿತು ಮುಂದೇನು ಎಂದು ಕೂತವರು, ವಿಶ್ವವಿದ್ಯಾಲಯದ ಯಾವುದೋ ಪ್ರಾಜೆಕ್ಟ್ ಮುಗಿದು ಕೈ ಖಾಲಿಯಾದವರು, ಇಂಥವರಿಂದ ಈಚೆಗೆ ಒಂದೇ ಧಾಟಿಯ ಪತ್ರಗಳು ಬರುತ್ತಿವೆ. ಅಂತರರಾಷ್ಟ್ರೀಯ ಶೈಕ್ಷಣಿಕ ವಿನಿಮಯ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದ್ದಾರೆ. ಪ್ರೋಗ್ರಾಂ ಆಫೀಸರ್, ಸ್ಟೂಡೆಂಟ್ ಅಡ್ವೈಸರ್, ಪ್ರಾಜೆಕ್ಟ್ ಅಸಿಸ್ಟೆಂಟ್, ಹೀಗೆ ಏನೋ ಒಂದು ಹುದ್ದೆ. ಸಂದರ್ಶನಕ್ಕೆ ಕರೆ ಬಂದಿದೆ. ಏನು ಕೇಳುತ್ತಾರೆ, ಏನು ಓದಿಕೊಂಡು ಹೋಗಬೇಕು? ಹಾವೇರಿ ಕಡೆಯ ಓದುಗರೊಬ್ಬರು ಜರ್ಮನಿಯ ಇತಿಹಾಸದ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರಂತೆ. ಬಿಸ್ಮಾರ್ಕ್‌ನಿಂದ ಹಿಡಿಯಬೇಕೋ, ಬರ್ಲಿನ್ ಗೋಡೆಯಿಂದ ಈಚೆಗೆ ಓದಿದರೆ ಸಾಕೋ ಎಂದು ಕೇಳಿದ್ದಾರೆ.

ಎರಡೂ ಬೇಡ. ಓದಿದರೆ ನಷ್ಟವೇನಿಲ್ಲ, ಆದರೆ ಅದನ್ನು ಯಾರೂ ಕೇಳುವುದಿಲ್ಲ. ನಾನು ವಿಶ್ವವಿದ್ಯಾಲಯವೊಂದರ ವಿದೇಶಿ ವಿದ್ಯಾರ್ಥಿಗಳ ವಿಭಾಗದಲ್ಲಿ ಬಹುಕಾಲ ಕೂತವನು. ನಿವೃತ್ತಿಯ ಮೇಲೆ ಇಂಥ ಸಂಸ್ಥೆಗಳ ಆಯ್ಕೆ ಸಮಿತಿಗಳಲ್ಲಿ ಹೊರಗಿನ ಸದಸ್ಯನಾಗಿ ಕೂತದ್ದೂ ಉಂಟು. ಯಾವ ಸಂಸ್ಥೆ ಎಂದು ಹೇಳುವ ಹಾಗಿಲ್ಲ, ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದೇನೆ. ಮೇಜಿನ ಆ ಬದಿಯಲ್ಲಿ ಕೂತಾಗ ಕಂಡದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಬರುವವರಲ್ಲಿ ಹೆಚ್ಚಿನವರು ವಿದೇಶಕ್ಕೆ ಹೋಗುವ ಅಭ್ಯರ್ಥಿಯ ಹಾಗೆ ತಯಾರಾಗಿ ಬರುತ್ತಾರೆ. ಸಮಿತಿ ಹುಡುಕುತ್ತಿರುವುದು ಕಳಿಸಿಕೊಡುವವರನ್ನು.

"ಈ ಕೆಲಸ ನಿಮಗೆ ಯಾಕೆ ಬೇಕು?" ಎಂಬ ಮೊದಲ ಪ್ರಶ್ನೆಯಲ್ಲೇ ಇದು ಗೊತ್ತಾಗಿಬಿಡುತ್ತದೆ. ಬೇರೆ ಬೇರೆ ಸಂಸ್ಕೃತಿಗಳೆಂದರೆ ನನಗೆ ಪ್ರೀತಿ, ಜಗತ್ತು ನೋಡುವ ಆಸೆ, ಹೊಸಬರ ಜತೆ ಬೆರೆಯುವುದು ಇಷ್ಟ, ಎಂದು ಬಹುಪಾಲು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ, ಆದರೆ ಅದು ಪಂಕ್ತಿಯಲ್ಲಿ ಉಣ್ಣಲು ಕೂತವರ ಮಾತು. ಈ ಹುದ್ದೆ ಬಡಿಸುವವರದ್ದು. ಸೌಟು ಹಿಡಿದವರು ಯಾರ ಎಲೆಗೆ ಏನು ಬಂದಿಲ್ಲ ಎಂದು ನೋಡುತ್ತಿರಬೇಕು, ತಮ್ಮ ಹಸಿವನ್ನು ಆಮೇಲೆ ನೋಡಿಕೊಳ್ಳಬೇಕು.

ಹಾಗಾದರೆ ದಿನವಿಡೀ ಅಲ್ಲಿ ಮಾಡುವುದೇನು? ಫೆಲೋಶಿಪ್ಪಿನ ಪ್ರಕಟಣೆ ಬರೆಯುವುದು. ಅರ್ಜಿಗಳು ಬಂದ ಮೇಲೆ ಅರ್ಹತೆಯ ಪ್ರಕಾರ ಸೋಸುವುದು; ಅಂಕಪಟ್ಟಿ ಇದೆಯೇ, ಶಿಫಾರಸು ಪತ್ರ ಬಂದಿದೆಯೇ, ಪದವಿ ಮುಗಿದ ವರ್ಷ ಸರಿಯಿದೆಯೇ. ಮೌಲ್ಯಮಾಪನ ಮಾಡುವ ಪ್ರೊಫೆಸರ್‌ಗಳಿಗೆ ಫೈಲು ಹಂಚಿ, ಗಡುವು ಮೀರಿದವರನ್ನು ಬೇಸರವಾಗದಂತೆ ನೆನಪಿಸುವುದು. ಆಯ್ಕೆಯಾದವರಿಗೆ ವೀಸಾ ಪತ್ರ, ವಿಮೆ, ಟಿಕೆಟ್ಟು, ಮಾಸಿಕ ಭತ್ಯೆ. ಆಯ್ಕೆಯಾಗದವರಿಗೆ ಒಂದು ಪತ್ರ. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರ ಎದುರು ರಸೀದಿಗಳು. ವಿದೇಶ ಪ್ರವಾಸ ಇಲ್ಲವೇ ಇಲ್ಲ ಎಂದಲ್ಲ, ಬಂದರೆ ಬಂತು. ಅದನ್ನೇ ನೆಚ್ಚಿಕೊಂಡು ಸೇರಿದವರು ಬೇಗ ಬಿಟ್ಟುಹೋಗುತ್ತಾರೆ ಎಂಬುದು ಸಮಿತಿಯವರಿಗೆ ಅನುಭವದಿಂದ ಗೊತ್ತು, ಅದಕ್ಕೇ ಆ ಉತ್ತರ ಕೇಳಿದಾಗ ಅವರ ಪೆನ್ನು ನಿಲ್ಲುತ್ತದೆ.

ಇತಿಹಾಸ ಓದಲೇಬೇಕು ಅನ್ನಿಸಿದರೆ ದೇಶದ್ದು ಬಿಟ್ಟು ಆ ಸಂಸ್ಥೆಯದ್ದು ಓದಿ. ಈ ಹಣ ಯಾರದ್ದು, ಯಾಕಾಗಿ ಕೊಡುತ್ತಾರೆ ಎಂಬುದು ಸಂದರ್ಶನದಲ್ಲಿ ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ. ಡಿಎಎಡಿ ಎಂದು ನಾವು ಕರೆಯುವ ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ ಶುರುವಾದದ್ದು 1925ರಲ್ಲಿ, ಹೈಡೆಲ್‌ಬರ್ಗ್‌ನಲ್ಲಿ. ಮೊದಲ ಮಹಾಯುದ್ಧದ ನಂತರ ಒಂಟಿಯಾಗಿದ್ದ ದೇಶ ಅದು. ಮುಂದೆ ಸಂಸ್ಥೆ ನಾಜಿ ಆಡಳಿತದ ಕೈಗೆ ಸಿಕ್ಕಿತು, 1945ರಲ್ಲಿ ಮುಚ್ಚಿತು, 1950ರಲ್ಲಿ ಬಾನ್‌ನಲ್ಲಿ ಮತ್ತೆ ಎದ್ದಿತು. ಕಾನೂನಿನ ಪ್ರಕಾರ ಅದು ಸರ್ಕಾರಿ ಇಲಾಖೆಯಲ್ಲ, ನೋಂದಾಯಿತ ಸಂಘ. ಅದರ ಸದಸ್ಯರು ಜರ್ಮನಿಯ ವಿಶ್ವವಿದ್ಯಾಲಯಗಳು ಮತ್ತು ಅವುಗಳ ವಿದ್ಯಾರ್ಥಿ ಸಂಘಗಳು. ಹಣ ಮಾತ್ರ ಬಹುಪಾಲು ಸರ್ಕಾರದ್ದು, ಅದರಲ್ಲೂ ವಿದೇಶಾಂಗ ಇಲಾಖೆಯದ್ದು ಗಣನೀಯ. ಸಂಘವೆಂದರೆ ವಿಶ್ವವಿದ್ಯಾಲಯಗಳ ಮಾತು ನಡೆಯಬೇಕು, ಹಣ ವಿದೇಶಾಂಗದ್ದೆಂದರೆ ದೇಶದ ಹಿತವೂ ನಡೆಯಬೇಕು. ಅಲ್ಲಿ ಕೆಲಸ ಮಾಡುವವರು ಈ ಎರಡರ ನಡುವೆ ದಿನವೂ ಓಡಾಡುತ್ತಾರೆ. ಇದನ್ನು ಗ್ರಹಿಸಿಕೊಂಡು ಬಂದ ಅಭ್ಯರ್ಥಿ "ನಿಮ್ಮ ಸಂಸ್ಥೆ ಬಡ ವಿದ್ಯಾರ್ಥಿಗಳಿಗೆ ಮಾಡುತ್ತಿರುವ ಮಹಾ ಉಪಕಾರ" ಎಂದು ಮಾತು ಶುರುಮಾಡುವುದಿಲ್ಲ. ಉಪಕಾರವೇನಲ್ಲ, ದೂರದ ಲೆಕ್ಕಾಚಾರ. ಅದರಲ್ಲಿ ತಪ್ಪೂ ಇಲ್ಲ.

ಫುಲ್‌ಬ್ರೈಟ್ ವಿಷಯದಲ್ಲಿ ನಮ್ಮವರಿಗೆ ಗೊತ್ತೇ ಇರದ ಸಂಗತಿಯೊಂದಿದೆ. ಅಮೆರಿಕದ ಸೆನೆಟರ್ ಜೆ. ವಿಲಿಯಂ ಫುಲ್‌ಬ್ರೈಟ್ 1946ರಲ್ಲಿ ತಂದ ಕಾಯ್ದೆಯ ಮೂಲ ಉಪಾಯ, ಯುದ್ಧ ಮುಗಿದ ಮೇಲೆ ಹೊರದೇಶಗಳಲ್ಲಿ ಉಳಿದಿದ್ದ ಸೇನಾ ಸಾಮಗ್ರಿ ಮಾರಿ ಬಂದ ಹಣವನ್ನು ವಿದ್ಯಾರ್ಥಿ ವಿನಿಮಯಕ್ಕೆ ಹಚ್ಚುವುದು. ಭಾರತದ ಜತೆ ಒಪ್ಪಂದವಾದದ್ದು 1950ರ ಫೆಬ್ರುವರಿಯಲ್ಲಿ, ನೆಹರೂ ಮತ್ತು ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಸಹಿಯೊಂದಿಗೆ. 2008ರಲ್ಲಿ ಹೊಸ ಒಪ್ಪಂದವಾಗಿ ಭಾರತ ಸರಿಸಮನಾದ ಪಾಲುದಾರ ಆಯಿತು, ಫೆಲೋಶಿಪ್ಪಿಗೆ ಫುಲ್‌ಬ್ರೈಟ್-ನೆಹರೂ ಎಂಬ ಹೆಸರು ಬಂತು. ಅಂದರೆ ಅದರಲ್ಲಿ ನಮ್ಮ ತೆರಿಗೆಯ ದುಡ್ಡೂ ಇದೆ. ಇದು ಗೊತ್ತಿದ್ದವರು ಸಂದರ್ಶನದ ಕುರ್ಚಿಯಲ್ಲಿ ಕೂರುವ ರೀತಿಯೇ ಬೇರೆ. ಬೇಡಲು ಬಂದವರ ಹಾಗೆ ಇರುವುದಿಲ್ಲ.

ಈ ಸಂಸ್ಥೆಗಳಿಂದ ಕನ್ನಡಕ್ಕೆ ಆದ ಲಾಭ ಸಣ್ಣದಲ್ಲ. ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಫುಲ್‌ಬ್ರೈಟ್‌ನಲ್ಲಿ. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ‘ಸಂಸ್ಕಾರ’ ಬರೆದರು. ಕಾರ್ನಾಡರು 1987-88ರಲ್ಲಿ ಫುಲ್‌ಬ್ರೈಟ್ ಪಡೆದು ಚಿಕಾಗೋದಲ್ಲಿದ್ದ ಕಾಲದ ಫಲ ‘ನಾಗಮಂಡಲ’. ಅದಕ್ಕೆ ಆಧಾರವಾದ ಜನಪದ ಕಥೆಗಳನ್ನು ಅವರು ಕೇಳಿದ್ದು ರಾಮಾನುಜನ್ ಅವರಿಂದಲೇ. ಆ ಮೂವರ ಫೈಲುಗಳನ್ನು ಮೇಜಿನಿಂದ ಮೇಜಿಗೆ ದಾಟಿಸಿದವರು ಯಾರು? ಯಾರಿಗೂ ಗೊತ್ತಿಲ್ಲ. ಈ ಹುದ್ದೆಗೆ ಅರ್ಜಿ ಹಾಕುವ ಮೊದಲು ಆ ಅನಾಮಿಕತೆ ತಮಗೆ ಒಗ್ಗುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ತಾನೇ ಬರೆಯಬೇಕು, ತಾನೇ ಹೋಗಬೇಕು, ತನ್ನ ಹೆಸರು ಬರಬೇಕು ಎಂಬ ಹಂಬಲ ಇದ್ದವರು ಫೆಲೋಶಿಪ್ಪಿಗೇ ಅರ್ಜಿ ಹಾಕಲಿ. ಅದರ ಸಂದರ್ಶನ ಬೇರೆ, ತಯಾರಿಯೂ ಬೇರೆ.

ಇನ್ನು ನಡುವಿನ ಪ್ರಶ್ನೆಗಳಿಗೆ ಬರೋಣ. ಸಂದರ್ಶನದ ತಿರುಳು ಇರುವುದು ಇಲ್ಲೇ. ಒಂದು ಸನ್ನಿವೇಶ ಕೊಡುತ್ತಾರೆ, ನೀವೇನು ಮಾಡುತ್ತೀರಿ ಎನ್ನುತ್ತಾರೆ. ಪೋರ್ಟಲ್ ಮುಚ್ಚಿ ಐದು ನಿಮಿಷ ಆಗಿದೆ, ಬಳ್ಳಾರಿಯಿಂದ ಒಬ್ಬ ಹುಡುಗಿ ಫೋನ್ ಮಾಡಿ ಕರೆಂಟ್ ಹೋಗಿತ್ತು ಎಂದು ಅಳುತ್ತಿದ್ದಾಳೆ. ದೊಡ್ಡ ಹುದ್ದೆಯಲ್ಲಿರುವವರ ಆಪ್ತ ಸಹಾಯಕರು ಫೋನ್ ಮಾಡಿ "ನಮ್ಮ ಸಾಹೇಬರ ಅಣ್ಣನ ಮಗಂದು ಸ್ವಲ್ಪ ನೋಡಿ" ಎನ್ನುತ್ತಾರೆ. ಲೈಪ್‌ಜಿಗ್‌ನಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬನ ತಂದೆ ತೀರಿಕೊಂಡಿದ್ದಾರೆ, ನಿಯಮದ ಪ್ರಕಾರ ಅವನು ಅನುಮತಿಯಿಲ್ಲದೆ ಊರಿಗೆ ಬಂದರೆ ಭತ್ಯೆ ನಿಲ್ಲುತ್ತದೆ, ಅಲ್ಲಿ ಈಗ ಭಾನುವಾರ. ಶಿಫಾರಸು ಪತ್ರವನ್ನು ಅಭ್ಯರ್ಥಿಯೇ ಬರೆದು ಪ್ರೊಫೆಸರ್ ಸಹಿ ಹಾಕಿದ ಹಾಗೆ ಕಾಣುತ್ತಿದೆ, ಎರಡು ಪತ್ರಗಳ ವಾಕ್ಯಗಳು ಒಂದೇ ಆಗಿವೆ.

ಇವಕ್ಕೆ ಸರಿ ಉತ್ತರ ಒಂದೇ ಇಲ್ಲ. ಆದರೆ ತಪ್ಪು ಉತ್ತರಗಳು ಎರಡು ಬಗೆಯವು. "ನಿಯಮ ನಿಯಮವೇ" ಎಂದು ಅಳುವ ಹುಡುಗಿಯ ಫೋನ್ ಇಟ್ಟುಬಿಡುವುದು ಒಂದು. "ಹೇಗಾದರೂ ಮಾಡಿ ಅವಳ ಅರ್ಜಿ ಸೇರಿಸುತ್ತೇನೆ" ಎನ್ನುವುದು ಇನ್ನೊಂದು. ನಮ್ಮ ಕಡೆಯವರು ಎರಡನೆಯದಕ್ಕೆ ಹೆಚ್ಚು ಬೀಳುತ್ತಾರೆ. ಕರುಣೆ ತೋರಿಸಿದರೆ ಅಂಕ ಬರುತ್ತದೆ ಎಂಬ ಎಣಿಕೆ. ಒಬ್ಬಳಿಗೆ ಬಾಗಿಲು ತೆರೆದರೆ, ಅದೇ ಸಂಜೆ ಕರೆಂಟ್ ಹೋಗಿಯೂ ಫೋನ್ ಮಾಡುವ ಧೈರ್ಯವಿಲ್ಲದೆ ಸುಮ್ಮನಾದ ಇನ್ನೊಬ್ಬಳ ಗತಿಯೇನು ಎಂದು ಸಮಿತಿಯವರು ಮರುಪ್ರಶ್ನೆ ಹಾಕುತ್ತಾರೆ. ನಾನು ಕೂತಿದ್ದ ಸಮಿತಿಯೊಂದರಲ್ಲಿ ಇದಕ್ಕೆ ಒಬ್ಬಾಕೆ ಹೇಳಿದ ಉತ್ತರ ಚೆನ್ನಾಗಿತ್ತು. ಆಕೆ ಫೋನ್ ಬಂದ ಸಮಯ ಬರೆದಿಟ್ಟುಕೊಳ್ಳುತ್ತಾಳಂತೆ, ಪೋರ್ಟಲ್‌ನಲ್ಲೇ ತೊಂದರೆಯಾಗಿತ್ತೇ ಎಂದು ತಾಂತ್ರಿಕ ವಿಭಾಗದವರಿಂದ ತಿಳಿದುಕೊಳ್ಳುತ್ತಾಳಂತೆ. ಆಗಿದ್ದರೆ ಎಲ್ಲರಿಗೂ ಗಡುವು ವಿಸ್ತರಿಸಲು ಮೇಲಿನವರಿಗೆ ಬರೆಯುತ್ತಾಳೆ, ಆಗಿರದಿದ್ದರೆ ಹುಡುಗಿಗೆ ಇಲ್ಲವೆಂದು ಅವತ್ತೇ ಹೇಳುತ್ತಾಳೆ, ಮುಂದಿನ ಸುತ್ತು ಯಾವಾಗ ಎಂಬುದನ್ನೂ ಹೇಳುತ್ತಾಳೆ. ಅವತ್ತೇ ಎಂಬುದನ್ನು ಆಕೆ ಒತ್ತಿ ಹೇಳಿದಳು. ಕಾಯಿಸುವುದಕ್ಕಿಂತ ಇಲ್ಲ ಎನ್ನುವುದು ಮೇಲು ಎಂದು ಆಕೆಗೆ ಗೊತ್ತಿತ್ತು. ಎಲ್ಲಿ ಕಲಿತಿರಿ ಎಂದು ಕೇಳಿದೆವು. ಹಿಂದುಳಿದ ವರ್ಗಗಳ ಹಾಸ್ಟೆಲ್ಲಿನ ಪ್ರವೇಶದ ಕೆಲಸದಲ್ಲಿ ವಾರ್ಡನ್‌ಗೆ ಸಹಾಯ ಮಾಡುತ್ತಿದ್ದಳಂತೆ.

ಅನುಭವದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಒಂದು ಚೌಕಟ್ಟು ಇದೆ. ಬ್ರಿಟಿಷ್ ಕೌನ್ಸಿಲ್‌ನಂಥ ಸಂಸ್ಥೆಗಳು ಹುದ್ದೆಗೆ ಬೇಕಾದ ಕೌಶಲ ಮತ್ತು ನಡವಳಿಕೆಗಳನ್ನು ಹುದ್ದೆಯ ವಿವರಣೆಯಲ್ಲೇ ಬರೆದಿಟ್ಟಿರುತ್ತವೆ. ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ಆ ಕಾಗದವನ್ನು ಓದದೆ ಗೆಳೆಯರು ಕಳಿಸಿದ ನೂರು ಪ್ರಶ್ನೆಗಳ ಪಿಡಿಎಫ್ ಉರುಹೊಡೆಯುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಸಂದರ್ಭ ಏನಿತ್ತು, ನಿಮ್ಮ ಪಾಲಿನ ಕೆಲಸ ಏನು, ನೀವು ಮಾಡಿದ್ದೇನು, ಕೊನೆಗೆ ಏನಾಯಿತು ಎಂಬ ಕ್ರಮದಲ್ಲಿ ಹೇಳಿದರೆ ಅವರಿಗೆ ಬರೆದುಕೊಳ್ಳಲು ಸುಲಭ. ಮೂರನೆಯದರಲ್ಲಿ ನಮ್ಮವರು ಎಡವುತ್ತಾರೆ. ವಿಚಾರ ಸಂಕಿರಣವನ್ನು ಒಬ್ಬರೇ ಹೊತ್ತು ನಡೆಸಿರುತ್ತಾರೆ, ಸಂದರ್ಶನದಲ್ಲಿ ಮಾತ್ರ "ನಮ್ಮ ಎಚ್‌ಒಡಿ ಸರ್ ಮಾರ್ಗದರ್ಶನದಲ್ಲಿ, ಎಲ್ಲರ ಸಹಕಾರದಿಂದ" ಎಂದು ವಂದನಾರ್ಪಣೆ ಶುರುಮಾಡುತ್ತಾರೆ. ಸರ್ ಅವರನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ. ಅತಿಥಿಯ ರೈಲು ತಪ್ಪಿದಾಗ ಟ್ಯಾಕ್ಸಿ ಮಾಡಿಸಿದ್ದು ನೀವು, ಅದಕ್ಕೆ ಹಣ ಎಲ್ಲಿಂದ ತಂದಿರಿ ಎಂಬುದನ್ನೇ ಅವರು ಕೇಳಬೇಕಾಗಿರುವುದು.

ಮಾತಿಗಿಂತ ಮೊದಲು ಸಣ್ಣದೊಂದು ಬರವಣಿಗೆಯ ಪರೀಕ್ಷೆ ಇಡುವುದೂ ಉಂಟು. ಎಕ್ಸೆಲ್ ಹಾಳೆ ಕೊಟ್ಟು ಅರ್ಹರಲ್ಲದವರನ್ನು ಬೇರ್ಪಡಿಸಿ ಎನ್ನುತ್ತಾರೆ, ಒಂದು ಇಮೇಲ್‌ಗೆ ಉತ್ತರ ಬರೆಯಿರಿ ಎನ್ನುತ್ತಾರೆ. ನನ್ನ ಮಟ್ಟಿಗೆ ಅರ್ಧ ಆಯ್ಕೆ ಅಲ್ಲಿಯೇ ಮುಗಿಯುತ್ತದೆ. ಆಯ್ಕೆಯಾಗದ ಅಭ್ಯರ್ಥಿಗೆ ಪತ್ರ ಬರೆಯಿರಿ ಎಂದಾಗ ಸೋಲೇ ಗೆಲುವಿನ ಸೋಪಾನ ಎಂಬ ಧಾಟಿಯಲ್ಲಿ ಒಂದು ಪುಟ ತುಂಬಿಸಿದವರನ್ನು ನೋಡಿದ್ದೇನೆ. "ನಿಮ್ಮ ಅರ್ಜಿ ಅತ್ಯುತ್ತಮವಾಗಿತ್ತು, ಮುಂದಿನ ಬಾರಿ ಖಂಡಿತ ಸಿಗುತ್ತದೆ" ಎಂದು ಬರೆದವರೂ ಇದ್ದಾರೆ. ಹಾಗೆ ಬರೆದದ್ದನ್ನು ಹಿಡಿದುಕೊಂಡು ಮುಂದಿನ ವರ್ಷ ಅದೇ ಅಭ್ಯರ್ಥಿ ಬಾಗಿಲಿಗೆ ಬರುತ್ತಾನೆ. ನಾಲ್ಕು ವಾಕ್ಯ ಸಾಕು.

ಇಂಗ್ಲಿಷಿನ ಬಗ್ಗೆ ಭಯ ಬರೆದುಕೊಳ್ಳುವವರು ಬಹಳ. ಉಚ್ಚಾರಣೆಯ ಚಿಂತೆ ಬಿಡಿ; ವಾಕ್ಯ ಅರ್ಥವಾದರೆ ಆಯಿತು. ಜರ್ಮನ್ ಬರುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದರೆ ಮಾತ್ರ, ಯಾವ ಮುನ್ಸೂಚನೆಯೂ ಇಲ್ಲದೆ ಯಾರಾದರೂ ಒಬ್ಬರು ಜರ್ಮನ್‌ಗೆ ಹೊರಳುತ್ತಾರೆ ಎಂದು ತಿಳಿದಿರಿ. ಬಿ2 ಎಂದು ಬರೆದು ಎ2 ಮಾತಾಡಿದರೆ ಹೋಯಿತು, ಉಳಿದದ್ದರ ಮೇಲಿನ ನಂಬಿಕೆಯೂ ಹೋಯಿತು. ಕನ್ನಡವನ್ನು ಭಾಷೆಗಳ ಪಟ್ಟಿಯ ಕೊನೆಗೆ ತಳ್ಳುವವರಿಗೆ ನನ್ನದೊಂದು ತಕರಾರಿದೆ. ಕಲಬುರಗಿಯ ಕಾಲೇಜಿನಲ್ಲಿ ಮಾಹಿತಿ ಶಿಬಿರ ಮಾಡಿ, ಮಗಳನ್ನು ಕಳಿಸಲು ಹಿಂಜರಿಯುತ್ತಿರುವ ತಂದೆತಾಯಿಯ ಎದುರು ಕೂತು, ವಿದ್ಯಾರ್ಥಿವೇತನ ಅಂದರೆ ಸಾಲ ಅಲ್ಲ, ಅಲ್ಲಿ ಮನೆ ಎಲ್ಲಿ ಸಿಗುತ್ತದೆ, ಬ್ಲಾಕ್ಡ್ ಅಕೌಂಟ್ ಎಂದರೇನು ಎಂದು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಎಷ್ಟು ಮಂದಿ ಸಿಗುತ್ತಾರೆ? ಬೆಂಗಳೂರಿನ ಇಂಗ್ಲಿಷ್ ಶಾಲೆಗಳಿಂದ ಬಂದ ನಯವಾದ ಮಾತುಗಾರರಿಗೆ ಸಮಿತಿಗಳು ಮಾರುಹೋಗುತ್ತವೆ, ಇದನ್ನು ಒಳಗಿದ್ದೇ ಹೇಳುತ್ತಿದ್ದೇನೆ. ಅದರ ಫಲವಾಗಿ ಈ ಸಂಸ್ಥೆಗಳ ಮಾಹಿತಿ ನಗರದ ಹತ್ತು ಕಾಲೇಜುಗಳನ್ನೇ ಸುತ್ತುತ್ತಿರುತ್ತದೆ. ಬೀದರ್‌ನಿಂದ ಬಂದು ಬೆಂಗಳೂರಿನ ಪಿಜಿಯಲ್ಲಿ ಒಗ್ಗಿಕೊಂಡವರಿಗೆ ಪರಸ್ಥಳದಲ್ಲಿ ಬದುಕುವುದೇನೆಂದು ವಿಮಾನ ಹತ್ತದೆಯೇ ಗೊತ್ತು. ಅದನ್ನು ಹೇಳಿಕೊಳ್ಳಲು ಸಂಕೋಚಪಡಬೇಡಿ.

ವಿನಿಮಯ ಎಂದರೆ ಇಲ್ಲಿಂದ ಅಲ್ಲಿಗೆ ಮಾತ್ರ ಎಂದುಕೊಂಡವರು ಮೈಸೂರಿಗೆ ಹೋಗಿ ನೋಡಬೇಕು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು, ಐಸಿಸಿಆರ್ ಎಂದು ಕರೆಯುವುದನ್ನು, ಮೌಲಾನಾ ಆಜಾದ್ 1950ರಲ್ಲಿ ಸ್ಥಾಪಿಸಿದರು. ಅದರ ವಿದ್ಯಾರ್ಥಿವೇತನದ ಮೇಲೆ ಆಫ್ರಿಕಾ, ಏಷ್ಯಾ ದೇಶಗಳಿಂದ ನಮ್ಮ ವಿಶ್ವವಿದ್ಯಾಲಯಗಳಿಗೆ ವಿದ್ಯಾರ್ಥಿಗಳು ಬರುತ್ತಲೇ ಇದ್ದಾರೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೂಲಕ ಕನ್ನಡ ಕಲಿಯಲೆಂದೇ ಮೈಸೂರಿಗೆ ಬರುವ ಅಮೆರಿಕದ ವಿದ್ಯಾರ್ಥಿಗಳೂ ಇದ್ದಾರೆ. ನಾನು ಕೆಲಸದಲ್ಲಿದ್ದಾಗ, ಬಂದ 14 ದಿನದೊಳಗೆ ವಿದೇಶಿ ವಿದ್ಯಾರ್ಥಿಗಳ ನೋಂದಣಿ ಮಾಡಿಸಬೇಕಿತ್ತು, ಮನೆ ಕೊಟ್ಟ ಮಾಲೀಕರು 24 ಗಂಟೆಯೊಳಗೆ ‘ಫಾರ್ಮ್ ಸಿ’ ತುಂಬಬೇಕಿತ್ತು. ಮಾಲೀಕರಿಗೆ ಅದು ಗೊತ್ತಿರುತ್ತಿರಲಿಲ್ಲ, ಗೊತ್ತಾದರೆ ಮನೆಯೇ ಬೇಡ ಎನ್ನುತ್ತಿದ್ದರು. ಹುಡುಗರು ಸಂಜೆ ಹೊತ್ತು ನಮ್ಮ ಕಚೇರಿ ಮೆಟ್ಟಿಲ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ಕೂತಿರುತ್ತಿದ್ದರು. ಇಂಥ ಗೆಳೆಯನೊಬ್ಬನಿಗೆ ನೀವು ಬಾಡಿಗೆ ಮನೆ ಹುಡುಕಿಕೊಟ್ಟಿದ್ದರೆ, ನೋಂದಣಿ ಕಚೇರಿಗೆ ಜತೆಗೆ ಹೋಗಿದ್ದರೆ, ಸಂದರ್ಶನದಲ್ಲಿ ಅದನ್ನೇ ಮೊದಲು ಹೇಳಿ. ಯುರೋಪು ಸುತ್ತಿ ಬಂದ ಫೋಟೊಗಳಿಗಿಂತ ಅದಕ್ಕೆ ಬೆಲೆ ಹೆಚ್ಚು.

ಕೊನೆಗೆ "ನೀವೇನಾದರೂ ಕೇಳುವುದಿದೆಯೇ?" ಎನ್ನುತ್ತಾರೆ. ಏನೂ ಇಲ್ಲ ಸರ್ ಎಂದು ಕೈಮುಗಿದು ಎದ್ದುಬರುವುದು ನಮ್ಮ ವಿನಯ. ಆದರೆ ಕೇಳಲೇಬೇಕಾದದ್ದು ಇದೆ. ಹುದ್ದೆ ಕಾಯಮ್ಮೋ, ಇಷ್ಟು ವರ್ಷದ ಗುತ್ತಿಗೆಯೋ? ಹಣ ಯಾವ ಯೋಜನೆಯಿಂದ ಬರುತ್ತಿದೆ, ಆ ಯೋಜನೆ ಯಾವಾಗ ಮುಗಿಯುತ್ತದೆ? ಅಲ್ಲಿಂದ ಕಳಿಸಲ್ಪಟ್ಟ ಅಧಿಕಾರಿಗಳಿಗೂ ಇಲ್ಲಿಯೇ ನೇಮಕವಾದ ಸಿಬ್ಬಂದಿಗೂ ಷರತ್ತುಗಳು ಬೇರೆ ಬೇರೆ ಇರುತ್ತವೆ, ನಿಮ್ಮದು ಯಾವುದು? ಬಾನ್‌ನ ಕೇಂದ್ರ ಕಚೇರಿಯ ಹುದ್ದೆಗಳಿಗೆ ಜರ್ಮನಿಯ ಸಾರ್ವಜನಿಕ ಸೇವೆಯ ವೇತನ ಶ್ರೇಣಿಯೇ ಅನ್ವಯ, ಚೌಕಾಸಿಗೆ ಜಾಗ ಕಡಿಮೆ. ದೆಹಲಿಯಲ್ಲಿ ನೇಮಕವಾದರೆ ಇಲ್ಲಿಯ ಒಪ್ಪಂದ, ಇಲ್ಲಿಯ ರೂಪಾಯಿ.

ಹಣದ ಪ್ರಶ್ನೆ ಕೇಳಿದರೆ ದುರಾಸೆ ಎಂದುಕೊಂಡಾರು ಎಂಬ ಭಯ ಬೇಡ. 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿನಿಮಯ ಕಾರ್ಯಕ್ರಮಗಳ ಹಣ ತಡೆಹಿಡಿದಾಗ, 1919ರಿಂದ ನಡೆದುಬಂದ ನ್ಯೂಯಾರ್ಕಿನ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಎಜುಕೇಷನ್‌ನಂಥ ಸಂಸ್ಥೆಯೂ ಸಿಬ್ಬಂದಿಯನ್ನು ಸಂಬಳವಿಲ್ಲದ ರಜೆಯ ಮೇಲೆ ಕಳಿಸಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ಫುಲ್‌ಬ್ರೈಟ್ ಮಂಡಳಿಯ 12 ಸದಸ್ಯರಲ್ಲಿ ಒಬ್ಬರನ್ನುಳಿದು ಎಲ್ಲರೂ ರಾಜೀನಾಮೆ ಕೊಟ್ಟರು; ತಾವು ಮಾಡಿದ ಆಯ್ಕೆಗಳಲ್ಲಿ ಸರ್ಕಾರ ಕೈಯಾಡಿಸುತ್ತಿದೆ ಎಂಬುದು ಅವರ ದೂರು. ಎಲ್ಲೋ ದೂರದ ರಾಜಧಾನಿಯಲ್ಲಿ ಆಡಳಿತ ಬದಲಾದರೆ ಇಲ್ಲಿಯ ಸಂಬಳ ಅಲ್ಲಾಡುವ ಕೆಲಸ ಇದು. ಅದನ್ನು ತಿಳಿದೇ ಕೇಳಿದಿರಿ ಎಂದಾದರೆ ಸಮಿತಿಯವರಿಗೆ ಮೆಚ್ಚುಗೆಯೇ ಆಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆನ್‌ಲೈನ್ ಸಂದರ್ಶನ ಇರುವವರಿಗೆ. ಜರ್ಮನಿಯ ಸಮಯ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರ ಬದಲಿಸುತ್ತಾರೆ. ಅಕ್ಟೋಬರ್‌ನಲ್ಲಿ ಲೆಕ್ಕ ತಪ್ಪಿದರೆ ಒಂದು ಗಂಟೆ ಮೊದಲೇ ಪರದೆಯ ಮುಂದೆ ಕೂತಿರುತ್ತೀರಿ, ಚಿಂತೆಯಿಲ್ಲ. ಮಾರ್ಚ್‌ನಲ್ಲಿ ತಪ್ಪಿದರೆ ನೀವು ಬರುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಿರುತ್ತಾರೆ. ಹಾವೇರಿಯವರ ಸಂದರ್ಶನ ಏಪ್ರಿಲ್ ಮೊದಲ ವಾರದಲ್ಲಿದೆ, ಬಾನ್ ಸಮಯ ಬೆಳಿಗ್ಗೆ ಹತ್ತಕ್ಕೆ. ನಮ್ಮಲ್ಲಿ ಅದು ಮಧ್ಯಾಹ್ನ ಒಂದೂವರೆ.